ಮಿರಜದ ವಾನ್‌ಲೆಸ್ ಸಾಹೇಬರು

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ಹಿರಿಯರನ್ನೂ, ನಮ್ಮನ್ನು ಪೋಷಿಸಿದ ಧರ್ಮಗುರುಗಳನ್ನೂ, ಧರ್ಮಭಗಿನಿಯರನ್ನೂ ಕೃತಜ್ಞತೆಯಿಂದ ನೆನೆಯುವುದು ನಮ್ಮೆಲ್ಲರ ಕರ್ತವ್ಯವಾಗಿದೆ. ಈ ಸ್ಮರಣ ಸಂಚಿಕೆಯ ಇತರ ಪುಟಗಳಲ್ಲಿ ಆ ಕಾರ್ಯವು ನಡೆದಿದೆ. ಆದರೆ ಈ ಲೇಖನದಲ್ಲಿ ನಾವು ನಮ್ಮ ಧರ್ಮಸಭೆಗೆ ಸೇರದ ಮಹನೀಯರೊಬ್ಬರ ಜೀವನವನ್ನು ವಾಚಕರ ಮುಂದಿಡಲು ಬಯಸಿದ್ದೇವೆ. ಅವರು ಪ್ರೆಸ್ಬಿಟೇರಿಯನ್ ಪಂಥದ ಮಿಷನರಿ ವೈದ್ಯರಾದ ಸರ್ ವಿಲಿಯಂ ಜೇಮ್ಸ್ ವಾನ್‌ಲೆಸ್.

ಕಥೋಲಿಕ ದೇವಾಲಯದ ಸಂಚಿಕೆಯಲ್ಲಿ ಪ್ರೊಟೆಸ್ಟಂಟ್ ಮಿಷನರಿಯ ಚರಿತ್ರೆ ಏಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ನಮ್ಮಲ್ಲಿ ಎರಡು ಉತ್ತರಗಳಿವೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಕ್ರೈಸ್ತ ಐಕ್ಯತೆಯ ಆಜ್ಞಾಪತ್ರವು, ನಮ್ಮಿಂದ ಅಗಲಿದ ಬಂಧುಗಳಲ್ಲಿ ಕ್ರಿಸ್ತನ ಪ್ರೇಮವು ಮಾಡಿದ ಸತ್ಕಾರ್ಯಗಳನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕೆಂದು ನಮಗೆ ಕಲಿಸಿದೆ. ಇದು ಮೊದಲನೆಯ ಉತ್ತರ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ಸೀಮೆಗಳ ಜನರು ತಲೆಮಾರುಗಳಿಂದ ತಮ್ಮ ರೋಗಿಗಳನ್ನು ಮಿರಜದ ದಾರಿಯಲ್ಲಿ ಕರೆದೊಯ್ದವರೆಂಬುದು ಎರಡನೆಯ ಉತ್ತರ. ಜಾತಿ ಮತಗಳ ಭೇದವಿಲ್ಲದೆ ನಮ್ಮ ನಾಡಿನವರೆಲ್ಲರೂ ಆ ದಾರಿಯನ್ನು ತುಳಿದಿದ್ದಾರೆ. ಆ ಋಣವನ್ನು ನೆನೆಯದೆ ಈ ಭಾಗದ ನೂರು ವರ್ಷಗಳ ಕಥೆಯನ್ನು ಪೂರ್ಣಗೊಳಿಸಲಾಗದು.

ಜನನ ಹಾಗೂ ಭಾರತಾಗಮನ

ವಿಲಿಯಂ ಜೇಮ್ಸ್ ವಾನ್‌ಲೆಸ್ ಅವರು ಕೆನಡಾ ದೇಶದ ಆಂಟಾರಿಯೊ ಪ್ರಾಂತದ ಚಾರ್ಲ್ಸ್‌ಟನ್ ಎಂಬ ಊರಿನಲ್ಲಿ 1865ರ ಮೇ 1ರಂದು ಜನಿಸಿದರು. ವೈದ್ಯವಿದ್ಯೆಯನ್ನು ಅಮೆರಿಕೆಯ ನ್ಯೂಯಾರ್ಕ್ ನಗರದಲ್ಲಿ ಅಭ್ಯಾಸ ಮಾಡಿ 1889ರಲ್ಲಿ ಪದವಿ ಪಡೆದರು. ಅದೇ ವರ್ಷ ಮೇರಿ ಮಾರ್ಷಲ್ ಅವರನ್ನು ವಿವಾಹವಾಗಿ, ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ ಪಶ್ಚಿಮ ಭಾರತಕ್ಕೆ ಹೊರಟರು. ಆಗ ಅವರ ವಯಸ್ಸು 24 ವರ್ಷ.

1889ನೆಯ ಇಸವಿಯು ನಮಗೆ ಇನ್ನೊಂದು ಕಾರಣದಿಂದಲೂ ಸ್ಮರಣೀಯವಾಗಿದೆ. ಹವಾಯಿ ದ್ವೀಪಗಳ ಮೊಲೊಕಾಯಿಯಲ್ಲಿ ಕುಷ್ಠರೋಗಿಗಳ ಮಧ್ಯೆ ಬಾಳಿ, ಅದೇ ರೋಗಕ್ಕೆ ತುತ್ತಾದ ವಂದನೀಯ ದಮಿಯಾನರು ಆ ವರ್ಷದ ಏಪ್ರಿಲ್ ತಿಂಗಳಲ್ಲಿ ದೈವಾಧೀನರಾದರು. 2009ರಲ್ಲಿ ಧರ್ಮಸಭೆಯು ಅವರನ್ನು ಸಂತರೆಂದು ಸಾರಿತು. ಒಬ್ಬರ ಸೇವೆ ಮುಗಿದ ವರ್ಷವೇ ಬೇರೊಂದು ಪಂಥದ, ಬೇರೊಂದು ಖಂಡದ ಯುವಕನೊಬ್ಬನ ಸೇವೆ ಪ್ರಾರಂಭವಾಯಿತು. ದೇವರ ಸಂಕಲ್ಪವು ನಮ್ಮ ಗೋಡೆಗಳನ್ನು ಲೆಕ್ಕಿಸುವುದಿಲ್ಲ ಎಂಬುದಕ್ಕೆ ಇದನ್ನೂ ಒಂದು ಸಾಕ್ಷಿಯಾಗಿ ನಾವು ಎಣಿಸುತ್ತೇವೆ.

ವಾನ್‌ಲೆಸ್ ದಂಪತಿಗಳು ಮೊದಲು ನೆಲೆಸಿದ್ದು ಸಾಂಗಲಿಯಲ್ಲಿ. ಅಲ್ಲಿ ಒಂದು ಸಣ್ಣ ಔಷಧಾಲಯದಿಂದ ಕೆಲಸ ಆರಂಭವಾಯಿತು. ಹೊಸ ವೈದ್ಯರು ಮರಾಠಿ ಭಾಷೆಯನ್ನು ಕಲಿತರು. ರೋಗಿಯ ಮಾತು ತಿಳಿಯದ ವೈದ್ಯನಿಗೆ ರೋಗವೂ ತಿಳಿಯದು ಎಂಬುದು ಅವರಿಗೆ ಬಹು ಬೇಗನೆ ಮನವರಿಕೆಯಾಗಿರಬೇಕು. ಕೆಲಕಾಲದ ಬಳಿಕ ಅವರು ತಮ್ಮ ಕಾರ್ಯಕ್ಷೇತ್ರವನ್ನು ಸಮೀಪದ ಮಿರಜಕ್ಕೆ ಬದಲಾಯಿಸಿದರು.

ಅಂದಿನ ನಮ್ಮ ಗಡಿನಾಡು

ಆ ಕಾಲದ ನಮ್ಮ ನಾಡಿನ ಸ್ಥಿತಿಯನ್ನು ಇಂದಿನ ತರುಣರು ಊಹಿಸಿಕೊಳ್ಳುವುದು ಕಷ್ಟ. ಚಿಕ್ಕೋಡಿ ಮತ್ತು ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯ ತಾಲೂಕುಗಳಾಗಿದ್ದವು. ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಮಿರಜವು ಪಟವರ್ಧನ ಮನೆತನದ ಆಳ್ವಿಕೆಯಲ್ಲಿತ್ತು. ಆಳುವವರು ಬೇರೆ ಬೇರೆಯಾಗಿದ್ದರೂ ಸಂತೆಗಳು ಒಂದೇ, ಜಾತ್ರೆಗಳು ಒಂದೇ. ಕನ್ನಡ ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಆಡುತ್ತಿದ್ದ ಭಾಷೆಗಳಾಗಿದ್ದವು. ರೋಗಗಳಂತೂ ಯಾವ ಗಡಿಯನ್ನೂ ತಿಳಿದಿರಲಿಲ್ಲ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲವೇ ವರ್ಷಗಳಲ್ಲಿ ಬೆಳಗಾವಿ ಧಾರವಾಡಗಳವರೆಗೆ ಹಬ್ಬಿತು. 1899 ಮತ್ತು 1900ರಲ್ಲಿ ಪಶ್ಚಿಮ ಭಾರತವು ಘೋರವಾದ ಬರಗಾಲಕ್ಕೆ ಸಿಲುಕಿತು. ಕಾಲರಾ, ಸಿಡುಬುಗಳು ಮರಳಿ ಮರಳಿ ಬರುತ್ತಿದ್ದವು. ಹಳ್ಳಿಯಲ್ಲಿ ಸೂಲಗಿತ್ತಿ, ನಾಟಿ ವೈದ್ಯ, ದೇವರ ಹರಕೆ ಇವೇ ಆಸರೆ. ಕಣ್ಣಿಗೆ ಪೊರೆ ಬಂದ ಮುದುಕರು ಕುರುಡರಾಗಿಯೇ ಸಾಯುತ್ತಿದ್ದರು. ಹೆರಿಗೆ ಕಷ್ಟವಾದರೆ ತಾಯಿ ಮಗು ಇಬ್ಬರ ಆಸೆಯನ್ನೂ ಬಿಡಬೇಕಾಗುತ್ತಿತ್ತು.

ಇವೆಲ್ಲಕ್ಕಿಂತ ಕ್ರೂರವಾದದ್ದು ಅಸ್ಪೃಶ್ಯತೆ. ಊರ ಹೊರಗೆ ವಾಸಿಸುತ್ತಿದ್ದ ಹೊಲೆಯ, ಮಾದಿಗ, ಸಮಗಾರ ಬಂಧುಗಳಿಗೆ ಕೆರೆ ಬಾವಿಗಳಂತೆಯೇ ವೈದ್ಯನ ಮನೆಯ ಕಟ್ಟೆಯೂ ದೂರವಾಗಿತ್ತು. ಮುಟ್ಟದೆ ನಾಡಿ ನೋಡುವುದು ಹೇಗೆ? ಮುಟ್ಟದೆ ಗಾಯ ಕಟ್ಟುವುದು ಹೇಗೆ? ಮದ್ದು ಇದ್ದರೂ ಅದನ್ನು ಕೊಡುವ ಕೈ ಹಿಂಜರಿಯುತ್ತಿದ್ದರೆ ಆ ಮದ್ದಿನಿಂದ ಪ್ರಯೋಜನವೇನು? ವಾನ್‌ಲೆಸ್ ಅವರ ಜೀವನಕಾರ್ಯವನ್ನು ಅರಿಯಬೇಕಾದರೆ ಈ ಪ್ರಶ್ನೆಯನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮಿರಜದ ಆಸ್ಪತ್ರೆ

1894ರಲ್ಲಿ ಮಿರಜದ ಮಿಷನ್ ಆಸ್ಪತ್ರೆಯು ತೆರೆಯಿತು. ಅದರ ಕಟ್ಟಡಕ್ಕೆ ಧನಸಹಾಯ ಮಾಡಿದವರು ಅಮೆರಿಕೆಯ ಫಿಲಡೆಲ್ಫಿಯ ನಗರದ ಜಾನ್ ಕಾನ್ವರ್ಸ್ ಎಂಬ ಉದಾರಿಗಳು. ಅವರು ರೈಲ್ವೆ ಎಂಜಿನುಗಳನ್ನು ತಯಾರಿಸುವ ಬಾಲ್ಡ್‌ವಿನ್ ಕಾರಖಾನೆಯ ಒಡೆಯರಲ್ಲೊಬ್ಬರು. ಎಂಜಿನುಗಳಿಂದ ಗಳಿಸಿದ ಹಣದಲ್ಲಿ ಕಟ್ಟಿದ ಆಸ್ಪತ್ರೆಗೆ ರೋಗಿಗಳನ್ನು ತಂದದ್ದೂ ರೈಲುಗಾಡಿಯೇ. ಪುಣೆಯಿಂದ, ಬೆಳಗಾವಿಯಿಂದ, ಕೊಲ್ಹಾಪುರದಿಂದ ಬರುವ ಮೂರು ದಾರಿಗಳು ಮಿರಜದಲ್ಲಿ ಕೂಡುತ್ತಿದ್ದವು. ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ನಿಲ್ದಾಣಗಳೆಲ್ಲವೂ ಅದೇ ದಾರಿಯಲ್ಲಿವೆ. ರೈಲು ಸಿಗದ ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಕೃಷ್ಣಾ ನದಿಯನ್ನು ದಾಟಿ ಬರಬೇಕಾಗಿತ್ತು.

ವಾನ್‌ಲೆಸ್ ಅವರು ಮುಖ್ಯವಾಗಿ ಶಸ್ತ್ರವೈದ್ಯರು. ಕಣ್ಣಿನ ಪೊರೆಯನ್ನು ತೆಗೆಯುವುದರಲ್ಲಿ ಅವರ ಹೆಸರು ದೂರದೂರಕ್ಕೆ ಹಬ್ಬಿತು. ನೋವು ತಿಳಿಯದಂತೆ ಕ್ಲೋರೋಫಾರ್ಮ್ ಕೊಡುವ ಪದ್ಧತಿ, ಗಾಯಕ್ಕೆ ವಿಷ ತಗಲದಂತೆ ಕೈಗಳನ್ನೂ ಉಪಕರಣಗಳನ್ನೂ ಶುದ್ಧವಾಗಿಡುವ ಪದ್ಧತಿ ಇವೆರಡೂ ಹತ್ತೊಂಬತ್ತನೆಯ ಶತಮಾನದಲ್ಲೇ ಬಂದ ಹೊಸ ವಿದ್ಯೆಗಳು. ಇವುಗಳ ಬಲದಿಂದ, ಹಿಂದೆ ಕೈಬಿಟ್ಟಿದ್ದ ರೋಗಿಗಳು ಬದುಕಿ ಮನೆಗೆ ಮರಳತೊಡಗಿದರು. ಕುರುಡನಾಗಿ ಹೋದವನು ಕಣ್ಣು ಕಾಣುತ್ತ ತನ್ನೂರಿಗೆ ಹಿಂದಿರುಗಿದರೆ ಅದಕ್ಕಿಂತ ದೊಡ್ಡ ಪ್ರಚಾರ ಬೇರೆ ಬೇಕೆ?

ಶಸ್ತ್ರವಿದ್ಯೆಯಲ್ಲಿ ಇನ್ನೊಂದು ಗುಣವಿದೆ. ಅದನ್ನು ದೂರದಲ್ಲಿ ನಿಂತು ನಡೆಸಲಾಗದು. ಸಂಸ್ಥಾನಿಕನಾಗಲಿ, ಕಸ ಗುಡಿಸುವವನಾಗಲಿ, ಮೇಜಿನ ಮೇಲೆ ಮಲಗಿದ ಮೇಲೆ ಅವನ ದೇಹವನ್ನು ಮುಟ್ಟಲೇಬೇಕು. ಅದೇ ಶುದ್ಧತೆ, ಅದೇ ಎಚ್ಚರಿಕೆ ಎಲ್ಲರಿಗೂ ಬೇಕು. ಮಿರಜದ ಆಸ್ಪತ್ರೆಯ ಬಾಗಿಲು ಎಲ್ಲ ಜಾತಿಗಳಿಗೂ ತೆರೆದಿತ್ತು. ಸ್ಥಿತಿವಂತರಿಂದ ಹಣ ಪಡೆದು, ಬಡವರಿಗೆ ಆ ಹಣದಿಂದ ಚಿಕಿತ್ಸೆ ನಡೆಸುವ ಕ್ರಮವನ್ನು ಅವರು ಅನುಸರಿಸಿದರು. ಹೀಗೆ ಬಡವನ ಚಿಕಿತ್ಸೆಯು ಯಾರದೋ ಅನುಗ್ರಹವಾಗಿ ಉಳಿಯದೆ ಆಸ್ಪತ್ರೆಯ ನಿತ್ಯದ ವ್ಯವಹಾರವೇ ಆಯಿತು.

ಹಾಸಿಗೆಯ ಬಳಿಯ ಪಾಠಶಾಲೆ

ಆದರೆ ಒಬ್ಬ ವೈದ್ಯನ ಎರಡು ಕೈಗಳು ಎಷ್ಟು ಜನರನ್ನು ಮುಟ್ಟಬಲ್ಲವು? ಈ ಪ್ರಶ್ನೆಯಿಂದಲೇ ವಾನ್‌ಲೆಸ್ ಅವರ ಎರಡನೆಯ ಮಹತ್ಕಾರ್ಯವು ಹುಟ್ಟಿತು. 1897ರಲ್ಲಿ ಅವರು ಮಿರಜದಲ್ಲಿ ಭಾರತೀಯ ತರುಣರಿಗಾಗಿ ಒಂದು ವೈದ್ಯಕೀಯ ಶಾಲೆಯನ್ನು ತೆರೆದರು. ದಾದಿಯರ ತರಬೇತಿಯೂ ಅಲ್ಲಿ ನಡೆಯಿತು. ಅಲ್ಲಿ ಕಲಿತವರು ಬೇರೆ ಬೇರೆ ಊರುಗಳ ಮಿಷನ್ ಆಸ್ಪತ್ರೆಗಳಿಗೂ ಔಷಧಾಲಯಗಳಿಗೂ ಹೋಗಿ ಸೇವೆ ಮಾಡಿದರು.

ನಮ್ಮ ಅಭಿಪ್ರಾಯದಲ್ಲಿ ಅವರ ಆಸ್ಪತ್ರೆಗಿಂತಲೂ ಈ ಶಾಲೆಯೇ ದೊಡ್ಡದು. ಆ ವಿದ್ಯಾರ್ಥಿಗಳಾದರೂ ಎಲ್ಲಿಂದ ಬಂದವರು? ನಮ್ಮ ನಿಮ್ಮಂತೆಯೇ ಈ ನೆಲದ ಮನೆಗಳಿಂದ ಬಂದವರು. ಯಾರನ್ನು ಮುಟ್ಟಬೇಕು, ಯಾರನ್ನು ಮುಟ್ಟಬಾರದು ಎಂಬ ಪಾಠವನ್ನು ಈ ನಾಡಿನ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿಯುತ್ತಿದ್ದರು. ಕ್ರೈಸ್ತ ಮನೆಗಳೂ ಈ ಅಭ್ಯಾಸದಿಂದ ಪೂರ್ಣವಾಗಿ ಮುಕ್ತವಾಗಿದ್ದವೆಂದು ನಾವು ಹೆಮ್ಮೆಪಡುವಂತಿಲ್ಲ. ಇಂತಹ ಅಭ್ಯಾಸವು ಉಪದೇಶದಿಂದ ಹೋಗುವುದಿಲ್ಲ. ಪುಸ್ತಕ ಓದಿದರೂ ಹೋಗುವುದಿಲ್ಲ. ದಿನವೂ ಬೆಳಿಗ್ಗೆ ಗುರುವಿನ ಹಿಂದೆ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತ, ಗುರುವು ಮುಟ್ಟಿದವನನ್ನು ತಾನೂ ಮುಟ್ಟಿ, ಗುರುವು ವಿಚಾರಿಸಿದವನನ್ನು ತಾನೂ ವಿಚಾರಿಸಿ, ವರ್ಷಗಟ್ಟಲೆ ನಡೆದಾಗ ಮಾತ್ರ ಅದು ಸಡಿಲವಾಗುತ್ತದೆ. ಅಂಗರಚನೆಯಂತೆ, ಔಷಧ ಶಾಸ್ತ್ರದಂತೆ, ಸಮಭಾವವೂ ಕಲಿಸಿ ಕಲಿಯಬೇಕಾದ ವಿದ್ಯೆಯಾಗಿದೆ. ಹಾಸಿಗೆಯ ಬಳಿಯೇ ಪಾಠ ನಡೆಯುವ ಇಂತಹ ಶಾಲೆಯಲ್ಲಿ ಅದನ್ನು ಕಲಿಯದೆ ವೈದ್ಯನಾಗುವುದು ಸಾಧ್ಯವಿರಲಿಲ್ಲ.

ಕುಷ್ಠ ಮತ್ತು ಕ್ಷಯ

ಈ ವಿದ್ಯೆಗೆ ಅತ್ಯಂತ ಕಠಿಣವಾದ ಪರೀಕ್ಷೆ ಕುಷ್ಠರೋಗ. ಅದರ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯರು 1873ರಲ್ಲೇ ಕಂಡುಹಿಡಿದಿದ್ದರು. ಆದರೆ ಗುಣಪಡಿಸುವ ಔಷಧ ಇರಲಿಲ್ಲ. ಮಿರಜದ ಆಸ್ಪತ್ರೆ ತೆರೆದ ನಾಲ್ಕು ವರ್ಷಗಳಲ್ಲಿ, 1898ರಲ್ಲಿ, ಸರಕಾರವು ಕುಷ್ಠರೋಗಿಗಳ ಕಾಯಿದೆಯನ್ನು ಮಾಡಿ, ಭಿಕ್ಷೆ ಬೇಡುವ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡುವ ಅಧಿಕಾರವನ್ನು ಪಡೆಯಿತು. ಕಾಯಿದೆಗೆ ಅವರು ಅಪಾಯಕಾರಿಗಳಾಗಿ ಕಂಡರು. ವಾನ್‌ಲೆಸ್ ಅವರಿಗೆ ಅವರು ರೋಗಿಗಳಾಗಿ ಕಂಡರು. ಅವರ ಶ್ರಮದಿಂದ ಮಿರಜದಲ್ಲಿ ಕುಷ್ಠರೋಗಿಗಳಿಗೆ ಒಂದು ಆಶ್ರಯವು ಏರ್ಪಟ್ಟಿತು. ಗುಣವಾಗದಿದ್ದರೂ ಹುಣ್ಣು ತೊಳೆಯಬಹುದು, ಕಟ್ಟು ಕಟ್ಟಬಹುದು, ಹೆಸರು ಹಿಡಿದು ಕರೆಯಬಹುದು ಎಂಬುದನ್ನು ಮಿರಜದ ಆ ಆಶ್ರಯವು ತೋರಿಸಿಕೊಟ್ಟಿತು.

ಕ್ಷಯರೋಗಿಗಳ ವಿಷಯದಲ್ಲಿಯೂ ಹಾಗೆಯೇ. ಸ್ಟ್ರೆಪ್ಟೋಮೈಸಿನ್ ಬಂದದ್ದು 1940ರ ದಶಕದಲ್ಲಿ. ಅದಕ್ಕೆ ಮೊದಲು ವಿಶ್ರಾಂತಿ, ಶುದ್ಧ ಗಾಳಿ, ಪುಷ್ಟಿಕರ ಆಹಾರ ಇವೇ ಚಿಕಿತ್ಸೆ. ಮನೆಯವರೇ ದೂರ ಇಡುತ್ತಿದ್ದ ಈ ರೋಗಿಗಳಿಗಾಗಿ ಮಿರಜದ ಹೊರವಲಯದಲ್ಲಿ ಆರೋಗ್ಯಧಾಮವೊಂದು ನಿರ್ಮಾಣವಾಯಿತು. ಆ ಸ್ಥಳಕ್ಕೆ ವಾನ್‌ಲೆಸ್‌ವಾಡಿ ಎಂಬ ಹೆಸರು ನಿಂತಿತು.

ಪರರ ಮನೆಯ ದುಃಖವನ್ನು ಹೊತ್ತ ಈ ವೈದ್ಯರ ಮನೆಗೂ ದುಃಖವು ಬಂತು. 1906ರಲ್ಲಿ ಪತ್ನಿ ಮೇರಿಯವರು ಕಾಲರಾ ರೋಗದಿಂದ ತೀರಿಕೊಂಡರು. ಅಷ್ಟೊಂದು ಜನರನ್ನು ಬದುಕಿಸಿದ ಕೈಗಳು ತಮ್ಮ ಮನೆಯ ದೀಪವನ್ನು ಉಳಿಸಿಕೊಳ್ಳಲಾರದೆ ಹೋದವು. ಕೊಲ್ಹಾಪುರದ ಮೇರಿ ವಾನ್‌ಲೆಸ್ ಆಸ್ಪತ್ರೆಯು ಆ ಸಾಧ್ವಿಯ ಹೆಸರನ್ನು ಹೊತ್ತಿದೆ. ಮುಂದಿನ ವರ್ಷ ಲಿಲಿಯನ್ ಹೇವನ್ಸ್ ಎಂಬವರು ಅವರ ಕೈಹಿಡಿದು ಸೇವೆಯಲ್ಲಿ ಜೊತೆಗೂಡಿದರು. ವಾನ್‌ಲೆಸ್ ಅವರು ಹೆಂಡತಿಯ ಸಮಾಧಿಯಾದ ಈ ನೆಲವನ್ನು ಬಿಟ್ಟುಹೋಗದೆ ಇನ್ನೂ ಎರಡು ದಶಕಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ದುಡಿದರು.

ಕೊಲ್ಹಾಪುರದ ಆಜ್ಞೆ

ಇಲ್ಲಿ ನಾವು ಅದೇ ಕಾಲದ ಇನ್ನೊಬ್ಬ ಮಹಾಪುರುಷರನ್ನು ಸ್ಮರಿಸಬೇಕು. 1894ರಲ್ಲಿ ಮಿರಜದ ಆಸ್ಪತ್ರೆ ತೆರೆದ ವರ್ಷವೇ ಕೊಲ್ಹಾಪುರದಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡ ಛತ್ರಪತಿ ಶಾಹೂ ಮಹಾರಾಜರು 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಅರ್ಧ ಭಾಗವನ್ನು ಮೀಸಲಿಟ್ಟರು. 1919ರಲ್ಲಿ ಅವರು ಇನ್ನೂ ಮುಂದೆ ಹೋಗಿ, ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಸಾರ್ವಜನಿಕ ಸ್ಥಳಗಳಲ್ಲಿಯೂ ಅಸ್ಪೃಶ್ಯರನ್ನು ಇತರರಂತೆಯೇ ಕಾಣಬೇಕೆಂದೂ, ಹಾಗೆ ಮಾಡಲು ಮನಸ್ಸಿಲ್ಲದ ನೌಕರರು ರಾಜೀನಾಮೆ ಕೊಡಬಹುದೆಂದೂ ಆಜ್ಞೆ ಹೊರಡಿಸಿದರು. ರಾಯಬಾಗವು ಆಗ ಅವರ ರಾಜ್ಯದಲ್ಲಿತ್ತಾದ್ದರಿಂದ ಆ ಆಜ್ಞೆಯು ನಮ್ಮ ನೆಲಕ್ಕೂ ಅನ್ವಯಿಸಿತು.

ಒಬ್ಬರು ಸಿಂಹಾಸನದಿಂದ ಆಜ್ಞೆ ಮಾಡಿದರು. ಇನ್ನೊಬ್ಬರು ರೋಗಿಯ ಹಾಸಿಗೆಯ ಬಳಿ ಕಲಿಸಿದರು. ಎರಡೂ ಬೇಕಾದವುಗಳೇ. ಆಜ್ಞೆಯಿಲ್ಲದಿದ್ದರೆ ಆಸ್ಪತ್ರೆಯ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ. ಕಲಿಕೆಯಿಲ್ಲದಿದ್ದರೆ ಒಳಗೆ ಬಂದವನನ್ನು ಮುಟ್ಟುವ ಕೈ ಮನಸ್ಸಿಟ್ಟು ಮುಟ್ಟುವುದಿಲ್ಲ. ಬಾಗಿಲು ದಾಟಿ ಬಂದ ಬಡವನನ್ನು ಮೂಲೆಯ ಬೆಂಚಿನಲ್ಲಿ ಕೊನೆಯವರೆಗೂ ಕುಳ್ಳಿರಿಸಿದರೆ ಆಜ್ಞೆಯು ಪಾಲನೆಯಾಯಿತೆನ್ನಬಹುದು, ಆದರೆ ನ್ಯಾಯವು ದೊರೆಯಿತೆನ್ನಲಾಗದು.

ಜೀವನಪರ್ಯಂತ ವಿದ್ಯಾರ್ಥಿ

ವಾನ್‌ಲೆಸ್ ಅವರು ಪರರಿಗೆ ಕಲಿಸಿದಂತೆಯೇ ಸಹೋದ್ಯೋಗಿಗಳ ಸಂಗಡ ತಾವೂ ಕಲಿಯುತ್ತಿದ್ದರು. ಭಾರತದಲ್ಲಿ ಚದುರಿ ಹೋಗಿದ್ದ ಮಿಷನರಿ ವೈದ್ಯರು 1905ರಲ್ಲಿ ತಮ್ಮದೇ ಆದ ಸಂಘವನ್ನು ಸ್ಥಾಪಿಸಿಕೊಂಡರು. ಅದೇ ಸಂಘವು 1926ರಲ್ಲಿ ಭಾರತ ಕ್ರೈಸ್ತ ವೈದ್ಯಕೀಯ ಸಂಘವೆಂಬ ಹೆಸರನ್ನು ಪಡೆಯಿತು. ವಾನ್‌ಲೆಸ್ ಅವರು ಅದರ ಪ್ರಮುಖರಲ್ಲೊಬ್ಬರಾಗಿದ್ದರು. ದೂರದ ಊರಿನಲ್ಲಿ ಒಂಟಿಯಾಗಿ ದುಡಿಯುವ ವೈದ್ಯನಿಗೆ ಇಂತಹ ಸಂಘದ ಸಮ್ಮೇಳನಗಳು ಹಾಗೂ ಪತ್ರಿಕೆ ಹೊಸ ವಿದ್ಯೆಯ ಕಿಟಕಿಗಳಾಗಿದ್ದವು. ಕಲಿತದ್ದು ಸಾಕೆಂದು ಕುಳಿತ ವೈದ್ಯನು ಹತ್ತು ವರ್ಷಗಳಲ್ಲಿ ಹಳೆಯವನಾಗುತ್ತಾನೆ. ಅವನ ಅಜ್ಞಾನಕ್ಕೆ ಬೆಲೆ ತೆರುವವರು ಮೊದಲು ಬಡವರೇ. ಶ್ರೀಮಂತನು ಮುಂಬಯಿಗೆ ಹೋಗಬಲ್ಲನು. ಬಡವನಿಗೆ ಅವನ ಊರಿನ ವೈದ್ಯನೇ ಗತಿ.

ವಾನ್‌ಲೆಸ್ ಅವರು ಲೋಪವಿಲ್ಲದವರೆಂದು ನಾವು ಹೇಳುತ್ತಿಲ್ಲ. ಅವರು ತಮ್ಮ ಕಾಲದ ಮಿಷನರಿಗಳು. ವೈದ್ಯಸೇವೆಯನ್ನು ಶುಭಸಂದೇಶ ಪ್ರಸಾರದ ದಾರಿಯೆಂದು ಬಹಿರಂಗವಾಗಿಯೇ ನಂಬಿ ಬರೆದವರು. ಆಸ್ಪತ್ರೆಯಲ್ಲಿ ಉಪದೇಶ ನಡೆಸುವುದನ್ನು ಇಂದಿನವರು ಅನೇಕರು ಒಪ್ಪಲಿಕ್ಕಿಲ್ಲ. ಅಸಹಾಯನಾದ ರೋಗಿಯ ಸ್ವಾತಂತ್ರ್ಯವನ್ನು ಗೌರವಿಸಬೇಕೆಂಬುದನ್ನು ನಮ್ಮ ಧರ್ಮಸಭೆಯೂ ಧಾರ್ಮಿಕ ಸ್ವಾತಂತ್ರ್ಯದ ಕುರಿತಾದ 1965ರ ಘೋಷಣೆಯಲ್ಲಿ ಸ್ಪಷ್ಟವಾಗಿ ಕಲಿಸಿದೆ. ಆದರೂ ನಂಬದವನಿಗೆ ಬಾಗಿಲು ಮುಚ್ಚದ ಅವರ ಆಸ್ಪತ್ರೆಯು ತನ್ನ ಉತ್ತರವನ್ನು ತಾನೇ ಕೊಟ್ಟಿದೆ.

ಕೊನೆಯ ವರ್ಷಗಳು

ಸರಕಾರವು ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1928ರಲ್ಲಿ ಸರ್ ಪದವಿಯಿಂದ ಗೌರವಿಸಿತು. ಅದೇ ವರ್ಷ ಸುಮಾರು ನಾಲ್ಕು ದಶಕಗಳ ಸೇವೆಯನ್ನು ಮುಗಿಸಿ ಅವರು ಭಾರತದಿಂದ ಬೀಳ್ಕೊಂಡರು. ತಮ್ಮ ಅನುಭವಗಳನ್ನು ಬರೆದು 1932ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. 1933ರ ಮಾರ್ಚ್ 3ರಂದು ಅಮೆರಿಕೆಯ ಕ್ಯಾಲಿಫೋರ್ನಿಯದ ಗ್ಲೆಂಡೇಲ್ ಎಂಬಲ್ಲಿ ಅವರ ದೇಹಾಂತ್ಯವಾಯಿತು. ಪತ್ನಿ ಲಿಲಿಯನ್ನರು ಬರೆದ ಅವರ ಜೀವನಚರಿತ್ರೆಯು 1944ರಲ್ಲಿ ಹೊರಬಂತು. ಮಿರಜದ ಆಸ್ಪತ್ರೆಗೆ ಅವರ ಹೆಸರೇ ಬಂದಿತು.

1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮಿರಜವು ಗಡಿಯ ಆಚೆ ಉಳಿಯಿತು. ಆದರೂ ರೋಗಿಗಳ ದಾರಿ ಬದಲಾಗಲಿಲ್ಲ. 1962ರಲ್ಲಿ ಮಿರಜದಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ, 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವೂ ಸ್ಥಾಪನೆಯಾದವು. ಹೀಗೆ ನಮ್ಮ ನಾಡಿನ ಎರಡು ಬದಿಗಳಲ್ಲಿಯೂ ವೈದ್ಯರು ತಯಾರಾಗತೊಡಗಿದರು.

ನಮ್ಮ ಧರ್ಮಸಭೆಯ ದಾರಿ

ಈ ಕಾಲದಲ್ಲಿ ಕಥೋಲಿಕರು ಏನು ಮಾಡುತ್ತಿದ್ದರು ಎಂಬುದನ್ನೂ ಹೇಳಬೇಕು. ಮಂಗಳೂರಿನ ಕಂಕನಾಡಿಯಲ್ಲಿ ಯೇಸು ಸಭೆಯ ವಂದನೀಯ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನೂ, 1890ರಲ್ಲಿ ಕುಷ್ಠರೋಗಿಗಳ ಆಶ್ರಯವನ್ನೂ ತೆರೆದಿದ್ದರು. ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಸಭೆಯ ಭಗಿನಿಯರು 1886ರಲ್ಲೇ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಆರಂಭಿಸಿದ್ದರು.

ಆದರೆ ಒಂದು ಅಡಚಣೆಯಿತ್ತು. ಧರ್ಮಭಗಿನಿಯರು ವೈದ್ಯರಾಗಿ ದುಡಿಯುವುದಕ್ಕೂ ಹೆರಿಗೆ ಮಾಡಿಸುವುದಕ್ಕೂ ಧರ್ಮಸಭೆಯ ಹಳೆಯ ನಿಯಮಗಳು ಅಡ್ಡಿಯಾಗಿದ್ದವು. ಗಂಡಸು ವೈದ್ಯನ ಮುಂದೆ ಬಾರದ ಸಾವಿರಾರು ತಾಯಂದಿರು ಇದರಿಂದ ಸಹಾಯವಿಲ್ಲದೆ ಉಳಿದರು. ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿಯವರು ವಿಶೇಷ ಅನುಮತಿ ಪಡೆದು 1920ರಲ್ಲಿ ಗುಂಟೂರಿಗೆ ಬಂದು, ಕನ್ಯಾಮಠವನ್ನು ಸೇರಿ, ಸನ್ಯಾಸಿನಿಯಾಗಿಯೂ ವೈದ್ಯೆಯಾಗಿಯೂ ದುಡಿದರು. 1936ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್ ಅವರ ಕಾಲದಲ್ಲಿ ರೋಮಾಪುರಿಯಿಂದ ಬಂದ ಆದೇಶವು ಆ ಅಡ್ಡಿಯನ್ನು ತೆಗೆಯಿತು. 1943ರಲ್ಲಿ ಮೇರಿ ಗ್ಲೌರಿಯವರು ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಕಥೋಲಿಕ ವೈದ್ಯಕೀಯ ವಿದ್ಯಾಲಯವೊಂದು ಬೇಕೆಂಬುದು ಅವರ ಹಂಬಲವಾಗಿತ್ತು. ಅವರು 1957ರಲ್ಲಿ ಬೆಂಗಳೂರಿನಲ್ಲಿ ದೈವಾಧೀನರಾದರು. ಆರು ವರ್ಷಗಳ ಬಳಿಕ ಅದೇ ನಗರದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯವು ಪ್ರಾರಂಭವಾಯಿತು. ಪಂಥಗಳು ಬೇರೆಯಾದರೂ ಮಿರಜದ ಸಾಹೇಬರೂ ಗುಂಟೂರಿನ ಭಗಿನಿಯೂ ಕಂಡುಕೊಂಡ ಸತ್ಯ ಒಂದೇ: ಆಸ್ಪತ್ರೆ ಕಟ್ಟಿದರೆ ಸಾಲದು, ವೈದ್ಯರನ್ನು ಕಟ್ಟಬೇಕು.

ನಮಗೆ ಉಳಿದ ಪಾಠ

ಇಂದು ಕುಷ್ಠರೋಗಕ್ಕೆ ಔಷಧವಿದೆ. 1898ರ ಆ ಕಾಯಿದೆಯು 2016ರಲ್ಲಿ ರದ್ದಾಯಿತು. ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಎಣಿಸುವುದನ್ನು 2019ರಲ್ಲಿ ಶಾಸನದಿಂದ ತೆಗೆದುಹಾಕಲಾಯಿತು. ವೈದ್ಯರು ಐದು ವರ್ಷಗಳಿಗೆ ಕನಿಷ್ಠ 30 ಗಂಟೆಗಳ ಕಾಲ ನಿರಂತರ ಶಿಕ್ಷಣವನ್ನು ಪಡೆಯಬೇಕೆಂದು 2002ರ ವೈದ್ಯಕೀಯ ನೀತಿನಿಯಮಗಳು ವಿಧಿಸಿದವು. 2019ರಿಂದ ವೈದ್ಯ ವಿದ್ಯಾರ್ಥಿಗಳ ಪಠ್ಯಕ್ರಮದಲ್ಲಿ ಮನೋಭಾವ, ನೀತಿ ಹಾಗೂ ಸಂಭಾಷಣೆಗಳ ಪಾಠವೂ ಸೇರಿತು. ಎಚ್.ಐ.ವಿ. ಸೋಂಕಿತರನ್ನು ಆಸ್ಪತ್ರೆಯಲ್ಲಿ ಭೇದದಿಂದ ಕಾಣಬಾರದೆಂದು 2017ರ ಶಾಸನವೂ, ಅಂಗವಿಕಲರ ಸಮಾನ ಹಕ್ಕುಗಳಿಗಾಗಿ 2016ರ ಶಾಸನವೂ ಬಂದಿವೆ. ಶಾಹೂ ಮಹಾರಾಜರ ಆಜ್ಞೆಯೂ ವಾನ್‌ಲೆಸ್ ಅವರ ಪಾಠವೂ ಹೊಸ ರೂಪದಲ್ಲಿ ಮರಳಿ ಬಂದಿವೆಯೆಂದೇ ನಾವು ಭಾವಿಸುತ್ತೇವೆ.

ಆದರೂ ಕೆಲಸ ಮುಗಿದಿಲ್ಲ. ನಿಪ್ಪಾಣಿಯ ತಂಬಾಕಿನ ಧೂಳಿನಲ್ಲಿ ದುಡಿದು ಕೆಮ್ಮುವ ಹೆಂಗಸು, ದೇವದಾಸಿಯಾಗಿ ಬಾಳಿದ ಕಾರಣಕ್ಕೆ ತಲೆ ತಗ್ಗಿಸಿ ಕೂರುವ ತಾಯಿ, ಕನ್ನಡವೊಂದನ್ನೇ ಬಲ್ಲ ಅಥಣಿಯ ಮುದುಕ, ಮರಾಠಿಯೊಂದನ್ನೇ ಬಲ್ಲ ಗಡಿಹಳ್ಳಿಯ ಮುದುಕಿ, ಎಚ್.ಐ.ವಿ. ಎಂಬ ಹೆಸರು ಕೇಳಿಯೇ ಬಂಧುಗಳು ತೊರೆದ ತರುಣ ಇವರೆಲ್ಲರೂ ಆಸ್ಪತ್ರೆಯ ಬಾಗಿಲಲ್ಲಿ ಇಂದಿಗೂ ಸ್ವಲ್ಪ ಹೊತ್ತು ಹಿಂಜರಿಯುತ್ತಾರೆ. ತಮ್ಮನ್ನು ಮುಟ್ಟುವ ಕೈ ಹೇಗಿರುವುದೋ ಎಂಬುದೇ ಅವರ ಭಯ. ಅವರ ಪಕ್ಕದಲ್ಲಿ ಕುಳಿತಾಗ ಸೆರಗನ್ನು ಒಂದಿಷ್ಟು ಒಳಗೆ ಎಳೆದುಕೊಂಡವರಲ್ಲಿ ನಾವೂ ಇದ್ದೇವೆಂಬುದನ್ನು ಈ ಹಬ್ಬದ ದಿನದಲ್ಲಿ ಮರೆಮಾಚುವುದು ಬೇಡ.

ಕುಷ್ಠರೋಗಿಯನ್ನು ಯೇಸುಸ್ವಾಮಿ ಒಂದು ಮಾತಿನಿಂದ ಗುಣಪಡಿಸಬಹುದಾಗಿತ್ತು. ಆದರೆ ಶುಭಸಂದೇಶವು ತಿಳಿಸುವಂತೆ, ಅವರು ಮೊದಲು ಕೈಚಾಚಿ ಅವನನ್ನು ಮುಟ್ಟಿದರು. ಗುಣವಾದದ್ದು ಆಮೇಲೆ. ನಮ್ಮ ಧರ್ಮಕೇಂದ್ರದ ಮಕ್ಕಳಲ್ಲಿ ದಾದಿಯರಾಗಿ, ವೈದ್ಯರಾಗಿ, ಔಷಧಾಲಯದ ನೌಕರರಾಗಿ ದುಡಿಯುವವರು ಈ ಒಂದು ಕ್ರಮವನ್ನು ನೆನಪಿಡಲಿ. ದಿನದ ಕೊನೆಯ ರೋಗಿಗೂ ಮೊದಲ ರೋಗಿಗೆ ಕೊಟ್ಟಷ್ಟೇ ಸಮಯ ಸಿಗಲಿ. ಮಿರಜದಲ್ಲಿ ವಾನ್‌ಲೆಸ್ ಸಾಹೇಬರು ತೆರೆದ ಶಾಲೆಯು ಎಂದೋ ಮುಚ್ಚಿತು. ಆದರೆ ಅದರ ಪಾಠವು ರೋಗಿಯ ಹಾಸಿಗೆ ಇರುವ ಎಲ್ಲೆಡೆಯೂ ತೆರೆದೇ ಇದೆ. ಶತಮಾನವನ್ನು ಪೂರೈಸಿದ ನಮ್ಮ ದೇವಾಲಯವು ತನ್ನ ಎರಡನೆಯ ಶತಮಾನದಲ್ಲಿ ಆ ಪಾಠವನ್ನು ಕಲಿಯುತ್ತ ಸಾಗುವಂತೆ ಪರಮದಯಾಳುವಾದ ದೇವರು ನಮ್ಮೆಲ್ಲರನ್ನೂ ಹರಸಲಿ ಎಂದು ನಾವು ಪ್ರಾರ್ಥಿಸುತ್ತೇವೆ.